ಬಂಪ್ ಸ್ಟಾಪರ್ ಪುರಾಣ

ಜೀಪು, ಜಿಪ್ಸಿ, ಥಾರ್ ಅಂತ ಹುಚ್ಚು ಹಿಡಿಸಿಕೊಂಡ ನಾಲ್ಕು ಜನ ಸೇರಿದ ಕಡೆ ಹತ್ತು ನಿಮಿಷ ನಿಂತು ನೋಡಿ. ಟೈರಿನ ಮಾತು ಬರುತ್ತೆ, ವಿಂಚಿನ ಮಾತು ಬರುತ್ತೆ, ಗಾಡಿ ಎಷ್ಟು ಇಂಚು ಎತ್ತಿಸಿದ್ದು ಅನ್ನೋ ಮಾತಂತೂ ಬಂದೇ ಬರುತ್ತೆ. ಚಾಸಿಯ ಕೆಳಗೆ, ಆಕ್ಸಲ್‌ನ ನೆತ್ತಿಯ ಮೇಲೆ, ಕೆಸರು ಮೆತ್ತಿಕೊಂಡು ಕೂತಿರುವ ಒಂದು ಕರಿ ರಬ್ಬರ್ ತುಂಡಿನ ಬಗ್ಗೆ ಮಾತ್ರ ಯಾರೂ ಬಾಯಿ ಬಿಡೋದಿಲ್ಲ. ಗಾತ್ರದಲ್ಲಿ ಒಂದು ಅಚ್ಚು ಬೆಲ್ಲದಷ್ಟು. ಹೆಸರು ಬಂಪ್ ಸ್ಟಾಪರ್. ಚಕ್ರ ಕಲ್ಲು ಹತ್ತಿದಾಗ ಆಕ್ಸಲ್ಲು ಮೇಲಕ್ಕೆ ನುಗ್ಗಿ ಚಾಸಿಗೆ ಗುದ್ದದ ಹಾಗೆ, ಕಬ್ಬಿಣಕ್ಕೂ ಕಬ್ಬಿಣಕ್ಕೂ ನಡುವೆ ಸಿಕ್ಕಿಕೊಂಡು ಪೆಟ್ಟು ತಿನ್ನೋದು ಅದರ ಕೆಲಸ.

ಹೆಚ್ಚಿನವರ ಲೆಕ್ಕದಲ್ಲಿ ಇದು ಬಾಗಿಲ ಹಿಂದೆ ಗೋಡೆಗೆ ಹೊಡೆದಿರುವ ರಬ್ಬರಿನ ಜಾತಿಯದ್ದು. ತಡೆಯೋದಷ್ಟೇ ಕೆಲಸ, ಯಾವುದಾದರೂ ಒಂದು ಇದ್ದರೆ ಸಾಕು. ಇದರ ಚರಿತ್ರೆ ಹುಡುಕುತ್ತಾ ಹೋದರೆ ಬೇರೆಯೇ ಕಥೆ ಸಿಗುತ್ತೆ. ಇದು ತಡೆಗಲ್ಲಲ್ಲ, ಗಾಡಿಯ ಕಟ್ಟಕಡೆಯ ಸ್ಪ್ರಿಂಗು. ಸ್ಪ್ರಿಂಗು ಅಂತ ಒಪ್ಪಿಕೊಂಡ ಮೇಲೆ, ಗಾಡಿ ಒಂದೆರಡು ಇಂಚು ಎತ್ತಿಸಿದಾಗ ಯಾವ ಸ್ಟಾಪರ್ ಹಾಕಬೇಕು ಅನ್ನೋ ಪ್ರಶ್ನೆಯೂ ಬದಲಾಗಿಬಿಡುತ್ತೆ. ಆ ಕಥೆಯನ್ನೇ ಇಲ್ಲಿ ಹೇಳ್ತೀನಿ. ಸ್ವಲ್ಪ ಉದ್ದ ಇದೆ, ಕಾಫಿ ಲೋಟ ಪಕ್ಕದಲ್ಲಿ ಇಟ್ಟುಕೊಳ್ಳಿ :-)

ಕಥೆ ಶುರುವಾಗೋದು ರಾಬರ್ಟ್ ಹುಕ್ ಅನ್ನೋ ಇಂಗ್ಲೆಂಡಿನ ಮಹಾಶಯನಿಂದ. ಪಿಯುಸಿ ಫಿಸಿಕ್ಸಿನಲ್ಲಿ ನಾವೆಲ್ಲ ಉರು ಹೊಡೆದ ಹುಕ್‌ನ ನಿಯಮ ಅವನದೇ. ಸ್ಪ್ರಿಂಗಿನ ಮೇಲೆ ಎರಡರಷ್ಟು ಭಾರ ಹಾಕಿದರೆ ಅದು ಎರಡರಷ್ಟು ಕುಗ್ಗುತ್ತೆ. ಅವನಿಗೆ ಇದು 1660ರಲ್ಲೇ ಹೊಳೆದಿತ್ತು. ಆದರೆ ಬೇರೆಯವರು ಕದ್ದಾರು ಅನ್ನೋ ಭಯ. 1676ರಲ್ಲಿ ಆ ಲ್ಯಾಟಿನ್ ವಾಕ್ಯದ ಅಕ್ಷರಗಳನ್ನೆಲ್ಲ ಅಕಾರಾದಿಯಾಗಿ ಕಲಸಿ, ಬಿಡಿಸಲಾಗದ ಒಗಟಿನ ಹಾಗೆ ಅಚ್ಚು ಹಾಕಿಸಿದ. ಅರ್ಥ ಬಿಡಿಸಿ ಹೇಳಿದ್ದು 1678ರಲ್ಲಿ. ಇವತ್ತು ನಾವು ಫೈಲು ಕೊಡದೆ ಬರೀ ಅದರ ಹ್ಯಾಶ್ ಮೊದಲು ಪ್ರಕಟಿಸಿ 'ಇದು ನನ್ನ ಹತ್ತಿರ ಆಗಲೇ ಇತ್ತು' ಅಂತ ಸಾಬೀತು ಮಾಡ್ತೀವಲ್ಲ, ಅದೇ ಉಪಾಯ. ಮುನ್ನೂರು ಚಿಲ್ಲರೆ ವರ್ಷದ ಹಿಂದೆ!

ಹುಕ್‌ನ ನಿಯಮ ಗ್ರಾಫಿನಲ್ಲಿ ಒಂದು ನೇರ ಗೆರೆ. ಗಾಡಿ ಮಾಡುವವನಿಗೆ ತಲೆನೋವು ಆ ನೇರ ಗೆರೆಯಿಂದಲೇ. ಮೆತ್ತನೆ ಸ್ಪ್ರಿಂಗ್ ಹಾಕಿದರೆ ಸಣ್ಣ ಪುಟ್ಟ ಹಳ್ಳದಲ್ಲಿ ಸುಖ, ದೊಡ್ಡ ಹಳ್ಳ ಬಂದಾಗ ಮಾತ್ರ ಅದು ಕುಗ್ಗಿ ಕುಗ್ಗಿ ಜಾಗವೇ ಮುಗಿದುಹೋಗುತ್ತೆ. ಗಟ್ಟಿ ಸ್ಪ್ರಿಂಗ್ ಹಾಕಿದರೆ ಜಾಗ ಉಳಿಯುತ್ತೆ, ಕೂತವರ ಬೆನ್ನು ಉಳಿಯೋದಿಲ್ಲ. ಬೇಕಾಗಿರೋದು ಮೊದಲಿಗೆಲ್ಲ ಮೆತ್ತಗಿದ್ದು, ಕೊನೆಯ ಒಂದೂವರೆ ಇಂಚಿನಲ್ಲಿ ಸರ್ರನೆ ಬಿಗಿಯಾಗುವ ಗೆರೆ. ಅಂದರೆ ಹುಕ್‌ನ ಮಾತನ್ನು ಕೊನೆಯಲ್ಲಿ ಬೇಕಂತಲೇ ಮುರಿಯಬೇಕು. 1804ರಲ್ಲಿ ಒಬಡಯಾ ಎಲಿಯಟ್ ಅನ್ನುವವನು ಕುದುರೆ ಸಾರೋಟಿಗೆ ಎಲಿಪ್ಟಿಕ್ ಸ್ಪ್ರಿಂಗಿನ ಪೇಟೆಂಟ್ ತೆಗೆದುಕೊಂಡ. ಉಕ್ಕಿನ ಪಟ್ಟಿಗಳ ಮೇಲೆ ಪಟ್ಟಿ ಜೋಡಿಸಿದ ಕಮಾನು. ಇವತ್ತಿಗೂ ನಮ್ಮ ಲಾರಿಗಳ ಕೆಳಗಿರೋದು, ಗ್ಯಾರೇಜಿನವರು 'ಪ್ಲೇಟು' ಅನ್ನೋದು, ಇದರ ವಂಶದ್ದೇ. ಸೊಗಸಾದ ವಸ್ತು, ಸಂಶಯವಿಲ್ಲ. ಆದರೆ ಕೊನೆಯ ಒಂದೂವರೆ ಇಂಚಿನ ಸಮಸ್ಯೆ ಅದರಿಂದ ಬಗೆಹರಿಯಲಿಲ್ಲ.

ಬಗೆಹರಿದದ್ದು ಎಲ್ಲಿ ಅಂದರೆ, ರೈಲಿನಲ್ಲಿ.

ಐಸಿಎಫ್ ಬೋಗಿಯ ತುದಿಯಲ್ಲಿ ಎರಡು ದುಂಡನೆ ಕಬ್ಬಿಣದ ತಟ್ಟೆಗಳು ಮುಂದಕ್ಕೆ ಚಾಚಿಕೊಂಡಿರುತ್ತಲ್ಲ, ಅವೇ ಬಫರ್. (ಹೊಸ ಎಲ್‌ಎಚ್‌ಬಿ ಬೋಗಿಗಳಲ್ಲಿ ಅವಿಲ್ಲ, ಅಲ್ಲಿ ನಡುವಿನ ಕಪ್ಲಿಂಗೇ ಆ ಕೆಲಸ ಮಾಡುತ್ತೆ.) 1830ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ರೈಲು ಓಡಲು ಶುರುವಾದಾಗ ಪ್ಯಾಸೆಂಜರ್ ಬೋಗಿಗಳಿಗೆ ಚರ್ಮದ ಚೀಲದಲ್ಲಿ ಕುದುರೆ ಕೂದಲು ತುಂಬಿದ ಬಫರ್ ಇರ್ತಿತ್ತು. ಗೂಡ್ಸ್ ವ್ಯಾಗನ್ನಿಗೆ ಅದೂ ಇಲ್ಲ, ಚೌಕಟ್ಟಿನ ಮರದ ತೊಲೆಯನ್ನೇ ಸ್ವಲ್ಪ ಉದ್ದ ಬಿಟ್ಟಿರೋದು. ಅದಕ್ಕೆ 'ಮೂಕ ಬಫರ್' ಅನ್ನುವ ಅರ್ಥದ ಹೆಸರು. ಗುದ್ದಿದರೆ ಗುದ್ದು ಪೂರ್ತಿ ಮುಂದಿನ ವ್ಯಾಗನ್ನಿಗೆ ದಾಟುತ್ತೆ. ಈ ಮೂಕ ಬಫರನ್ನು ನೆನಪಿಟ್ಟುಕೊಳ್ಳಿ, ಮತ್ತೆ ಬೇಕಾಗುತ್ತೆ.

ರಬ್ಬರ್ ಯಾಕೆ ಹಾಕಲಿಲ್ಲ ಅಂತ ಕೇಳಬಹುದು. ಹಸಿ ರಬ್ಬರ್ ಬಿಸಿಲಿಗೆ ಅಂಟಂಟು, ಚಳಿಗೆ ಕಲ್ಲು. ಅದಕ್ಕೆ ಗಂಧಕ ಸೇರಿಸಿ ಕಾಯಿಸಿದರೆ ಈ ಎರಡೂ ರೋಗ ಹೋಗುತ್ತೆ ಅಂತ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ಕಂಡುಕೊಂಡಿದ್ದು 1839ರಲ್ಲಿ. ಪಾಪ, ಸಾಲಕ್ಕಾಗಿ ಜೈಲು ಕಂಡವನು, ಸಾಲದಲ್ಲೇ ಸತ್ತವನು. (ಗುಡ್‌ಇಯರ್ ಟೈರ್ ಕಂಪೆನಿ ಹುಟ್ಟಿದ್ದು 1898ರಲ್ಲಿ, ಅವನು ಸತ್ತು 38 ವರ್ಷದ ಮೇಲೆ. ಅವನಿಗೂ ಅದಕ್ಕೂ ಹೆಸರಿನ ಸಂಬಂಧ ಬಿಟ್ಟರೆ ಬೇರೇನಿಲ್ಲ.) ಅವನ ರಬ್ಬರಿನ ಚೂರುಗಳನ್ನು 1842ರಲ್ಲಿ ಇಂಗ್ಲೆಂಡಿಗೆ ತಂದವನು ಸ್ಟೀಫನ್ ಮೌಲ್ಟನ್. ಆ ಚೂರುಗಳು ಥಾಮಸ್ ಹ್ಯಾನ್‌ಕಾಕ್ ಅನ್ನುವ ರಬ್ಬರ್ ತಜ್ಞನ ಕೈಗೆ ಹೋದವು. ಆಸಾಮಿ ಗುಟ್ಟು ಕಂಡುಹಿಡಿದು 1843ರಲ್ಲಿ ಇಂಗ್ಲೆಂಡಿನಲ್ಲಿ ತಾನೇ ಪೇಟೆಂಟಿಗೆ ಅರ್ಜಿ ಹಾಕಿಬಿಟ್ಟ. ಗುಡ್‌ಇಯರ್‌ಗೆ ಅಮೆರಿಕದ ಪೇಟೆಂಟ್ ಸಿಕ್ಕಿದ್ದು 1844ರಲ್ಲಿ. ಸಾಫ್ಟ್‌ವೇರ್ ಪೇಟೆಂಟುಗಳ ಜಗಳ ನೋಡಿ ಬೇಜಾರಾದವರಿಗೆ ಇದು ಸಮಾಧಾನ ಕೊಡಬಹುದು. ಹೊಸದೇನೂ ಅಲ್ಲ.

ಮೌಲ್ಟನ್ ಸುಮ್ಮನೆ ಕೂರಲಿಲ್ಲ. 1848ರಲ್ಲಿ ಬ್ರಾಡ್‌ಫರ್ಡ್ ಆನ್ ಏವನ್ ಅನ್ನುವ ಸಣ್ಣ ಊರಿನಲ್ಲಿ, ಹಳೇ ಉಣ್ಣೆ ಗಿರಣಿಯೊಂದನ್ನು ಕೊಂಡು ರಬ್ಬರ್ ಕಾರ್ಖಾನೆ ಶುರು ಮಾಡಿದ. 1850ರ ದಶಕದಲ್ಲಿ ಜಾರ್ಜ್ ಸ್ಪೆನ್ಸರ್ ಅನ್ನುವವನು ರೈಲಿನ ಬಫರಿಗೆ ಶಂಕುವಿನ ಆಕಾರದ ರಬ್ಬರ್ ಸ್ಪ್ರಿಂಗುಗಳನ್ನು ರೂಪಿಸಿದ. ಅವನ್ನು ತಯಾರಿಸಿ ಕೊಟ್ಟಿದ್ದು ಮೌಲ್ಟನ್ ಕಾರ್ಖಾನೆ. 1891ರಲ್ಲಿ ಎರಡೂ ಸೇರಿ ಒಂದೇ ಕಂಪೆನಿ ಆಯಿತು.

ಇವತ್ತಿನ ಬಂಪ್ ಸ್ಟಾಪರ್‌ನ ಅಜ್ಜ ಯಾರು ಅಂತ ನನ್ನನ್ನು ಕೇಳಿದರೆ, ಈ ಶಂಕುವಿನ ರಬ್ಬರನ್ನೇ ತೋರಿಸ್ತೀನಿ. ಶಂಕು ಯಾಕೆ ಅನ್ನೋದರಲ್ಲೇ ಎಲ್ಲ ಇದೆ. ಶಂಕುವಿನ ತುದಿ ಸಣ್ಣದು, ಮೊದಲು ತಾಗೋದು ಅದು, ಸುಲಭವಾಗಿ ಕುಗ್ಗುತ್ತೆ. ಒತ್ತುತ್ತಾ ಹೋದ ಹಾಗೆ ಅಗಲ ಹೆಚ್ಚುತ್ತೆ, ಬಿಗಿಯೂ ಹೆಚ್ಚುತ್ತೆ. ಜೊತೆಗೆ ರಬ್ಬರಿನದ್ದೇ ಒಂದು ವಿಚಿತ್ರ ಗುಣ ಇದೆ. ನಾವು ಅದನ್ನು 'ಒತ್ತಿದರೆ ಕುಗ್ಗುತ್ತೆ' ಅಂದುಕೊಳ್ತೀವಿ. ನಿಜವಾಗಿ ಅದರ ಗಾತ್ರ ಕುಗ್ಗೋದೇ ಇಲ್ಲ. ಮೇಲಿಂದ ಒತ್ತಿದರೆ ಪಕ್ಕಕ್ಕೆ ಉಬ್ಬುತ್ತೆ, ಅಷ್ಟೇ. ಚಪಾತಿ ಹಿಟ್ಟಿನ ಉಂಡೆ ಒತ್ತಿದ ಹಾಗೆ. ಪಕ್ಕಕ್ಕೆ ಉಬ್ಬಲು ಜಾಗ ಇದ್ದರೆ ಅದು ಸ್ಪ್ರಿಂಗು. ಸುತ್ತ ಕಬ್ಬಿಣದ ಡಬ್ಬಿ ಹಾಕಿ ಜಾಗ ಮುಚ್ಚಿಬಿಟ್ಟರೆ ಅದೇ ರಬ್ಬರು ಹೆಚ್ಚುಕಮ್ಮಿ ಕಲ್ಲು. ಹಾಗಾಗಿ ರಬ್ಬರ್ ಸ್ಪ್ರಿಂಗಿನಲ್ಲಿ ರಬ್ಬರಿನಷ್ಟೇ ಮುಖ್ಯ ಅದರ ಆಕಾರ, ಸುತ್ತಲಿನ ಖಾಲಿ ಜಾಗ.

ಇಲ್ಲಿಂದ ಕಥೆ ಜೀಪಿಗೆ ಬರುತ್ತೆ. 1940ರ ಜುಲೈನಲ್ಲಿ ಅಮೆರಿಕದ ಸೇನೆ ಒಂದು ಹಗುರ ನಾಲ್ಕು ಚಕ್ರ ಚಾಲನೆಯ ಗಾಡಿ ಬೇಕು ಅಂತ ಕೇಳಿತು, ಮಾದರಿ ತೋರಿಸಲು ಕೊಟ್ಟ ಗಡುವು 49 ದಿನ. (ನಮ್ಮ ಪ್ರಾಜೆಕ್ಟ್ ಮ್ಯಾನೇಜರುಗಳ ಪೂರ್ವಜರು ಇರಬೇಕು!) ಬ್ಯಾಂಟಮ್ ಅನ್ನುವ ಸಣ್ಣ ಕಂಪೆನಿ ಆ ವರ್ಷದ ಸೆಪ್ಟೆಂಬರ್ 23ಕ್ಕೆ ಗಾಡಿ ತಂದು ನಿಲ್ಲಿಸಿತು. ಆಮೇಲೆ ವಿಲ್ಲಿಸ್ ಮತ್ತು ಫೋರ್ಡ್ ಸೇರಿ ಯುದ್ಧ ಮುಗಿಯೋ ಹೊತ್ತಿಗೆ 6 ಲಕ್ಷಕ್ಕೂ ಹೆಚ್ಚು ಮಾಡಿದವು. ಆ ಗಾಡಿಯ ಕೆಳಗೆ ಇದ್ದದ್ದು ಎಲಿಯಟ್‌ನ ಕಾಲದ್ದೇ ಪ್ಲೇಟು. ಉದ್ದ ಕಡಿಮೆ, ಗಟ್ಟಿ, ಮೇಲೆ ಕೆಳಗೆ ಆಡುವ ಜಾಗವೂ ಕಡಿಮೆ. ಹಾಗಾಗಿ ಚಾಸಿಗೆ ಬಿಗಿದ ರಬ್ಬರ್ ತುಂಡಿಗೆ ಕೆಲಸ ಜಾಸ್ತಿ. ರಸ್ತೆ ಕಾರಿನಲ್ಲಿ ವರ್ಷಕ್ಕೆ ನಾಲ್ಕು ಸಲ ತಾಗೋ ಸ್ಟಾಪರ್, ಜೀಪಿನಲ್ಲಿ ಮೈಲಿಗೆ ನಾಲ್ಕು ಸಲ ತಾಗಿರಲಿಕ್ಕೂ ಸಾಕು.

ರಬ್ಬರಿನ ಬೆಲೆ ಜಗತ್ತಿಗೆ ಗೊತ್ತಾಗಿದ್ದು ಕೂಡ ಅದೇ ಹೊತ್ತಿಗೆ. 1876ರಲ್ಲಿ ಹೆನ್ರಿ ವಿಕ್‌ಹ್ಯಾಮ್ ಬ್ರೆಜಿಲ್ಲಿನಿಂದ ಸುಮಾರು 70,000 ರಬ್ಬರ್ ಬೀಜ ಲಂಡನ್ನಿನ ಕ್ಯೂ ತೋಟಕ್ಕೆ ಸಾಗಿಸಿದ. ಅಲ್ಲಿ ಮೊಳೆತ ಗಿಡಗಳಿಂದ ಮುಂದೆ ಸಿಲೋನು, ಮಲಯಗಳಲ್ಲಿ ತೋಟಗಳಾದವು. 1942ರ ಫೆಬ್ರವರಿ 15ಕ್ಕೆ ಸಿಂಗಾಪುರ ಜಪಾನಿನ ಕೈಗೆ ಬಿತ್ತು. ಅಮೆರಿಕಕ್ಕೆ ಬರುತ್ತಿದ್ದ ಸಹಜ ರಬ್ಬರಿನಲ್ಲಿ ಸುಮಾರು ನೂರಕ್ಕೆ 90 ಪಾಲು ನಿಂತೇಹೋಯಿತು. ಆ ಹೊಡೆತಕ್ಕೆ ಅಲ್ಲಿ ಕೃತಕ ರಬ್ಬರಿನ ಸರ್ಕಾರಿ ಕಾರ್ಖಾನೆಗಳು ಎದ್ದವು. ಅದು ಎಣ್ಣೆ ಬಾವಿಯ ರಬ್ಬರ್ ಯುಗದ ಆರಂಭ. ಅಂದಹಾಗೆ ನಮ್ಮ ಸುಳ್ಯ, ಪುತ್ತೂರು ಕಡೆಯ ಸರ್ಕಾರಿ ರಬ್ಬರ್ ತೋಟಗಳ ಹಿಂದೆಯೂ ಒಂದು ಸಿಲೋನಿನ ಕಥೆ ಇದೆ. 1964ರ ಶಾಸ್ತ್ರಿ–ಸಿರಿಮಾವೊ ಒಪ್ಪಂದದ ಮೇಲೆ ಅಲ್ಲಿಂದ ವಾಪಸು ಬಂದ ತಮಿಳು ಕುಟುಂಬಗಳಿಗೆ ಬದುಕು ಕಟ್ಟಿಕೊಡಲು ಬೆಳೆಸಿದ ತೋಟಗಳು ಅವು. ಆ ಕಡೆ ಹೋದಾಗಲೆಲ್ಲ ಮರಕ್ಕೆ ಕಟ್ಟಿದ ಚಿಪ್ಪು ನೋಡಿದರೆ ನನಗೆ ಅದೂ ನೆನಪಾಗುತ್ತೆ. ಇದು ವಿಷಯಾಂತರ, ಇರಲಿ.

ಯುದ್ಧ ಮುಗಿದ ಮೇಲೆ ಜೀಪು ಇಲ್ಲಿಗೂ ಬಂತು. 1945ರಲ್ಲಿ ಶುರುವಾದ ಮಹೀಂದ್ರಾ ಅಂಡ್ ಮೊಹಮ್ಮದ್ ಕಂಪೆನಿ 1947ರಲ್ಲಿ ಜೀಪು ಜೋಡಿಸೋಕೆ ತೊಡಗಿತು. ಪಾಲುದಾರ ಗುಲಾಮ್ ಮೊಹಮ್ಮದ್ ವಿಭಜನೆಯಲ್ಲಿ ಆ ಕಡೆ ಹೋಗಿ ಪಾಕಿಸ್ತಾನದ ಮೊದಲ ಹಣಕಾಸು ಮಂತ್ರಿಯಾದರು, ಕಂಪೆನಿ 1948ರಲ್ಲಿ ಮಹೀಂದ್ರಾ ಅಂಡ್ ಮಹೀಂದ್ರಾ ಆಯಿತು. ಮಲೆನಾಡಿನ ತೋಟಗಳ ಅಂಗಳಕ್ಕೆ ಬಂದು ನಿಂತದ್ದು ಆ ಜೀಪಿನ ಸಂತಾನವೇ. ಕೊಡಚಾದ್ರಿಗೆ ಜೀಪಿನಲ್ಲಿ ಹತ್ತಿದವರಿಗೆ ಒಂದು ಶಬ್ದ ನೆನಪಿರಬಹುದು. ಹಿಂದುಗಡೆ ಎದುರು ಬದುರು ಸೀಟಿನಲ್ಲಿ ಮಂಡಿಗೆ ಮಂಡಿ ತಾಗಿಸಿ ಕೂತಿರ್ತೀರಿ, ಕಲ್ಲೊಂದರ ಮೇಲಿಂದ ಚಕ್ರ ಇಳಿಯುತ್ತೆ, ಕೆಳಗಿಂದ 'ಧಡ್' ಅಂತ ಒಂದು ಪೆಟ್ಟು ನೇರ ನಿಮ್ಮ ಬೆನ್ನುಮೂಳೆಗೆ. ಅದು ಸ್ಪ್ರಿಂಗಿನ ಶಬ್ದ ಅಲ್ಲ. ಕಲ್ಲಾಗಿಹೋದ, ಇಲ್ಲವೇ ಬಿದ್ದೇಹೋದ ಸ್ಟಾಪರ್‌ನ ಶಬ್ದ. ರೈಲಿನ ಮೂಕ ಬಫರ್ ಅಂದೆನಲ್ಲ, ಅದೇ ಇದು.

ಅದೇ ಹೊತ್ತಿಗೆ ಬ್ರಾಡ್‌ಫರ್ಡ್ ಆನ್ ಏವನ್‌ನಲ್ಲಿ ಕಥೆ ಮುಂದುವರಿದಿತ್ತು. ಸ್ಟೀಫನ್ ಮೌಲ್ಟನ್ನನ ಮರಿಮಗ ಅಲೆಕ್ಸ್ ಮೌಲ್ಟನ್ (1920–2012) ಯುದ್ಧಕಾಲದಲ್ಲಿ ಬ್ರಿಸ್ಟಲ್ ವಿಮಾನ ಕಂಪೆನಿಯಲ್ಲಿದ್ದು ಆಮೇಲೆ ಮನೆತನದ ರಬ್ಬರ್ ಕಾರ್ಖಾನೆಗೆ ಬಂದವನು. ರಬ್ಬರನ್ನು ಬರೀ ತಡೆಯಾಗಿ ಯಾಕೆ ಇಡಬೇಕು, ಗಾಡಿಯ ಪೂರ್ತಿ ಸ್ಪ್ರಿಂಗೇ ಯಾಕೆ ಆಗಬಾರದು ಅನ್ನೋದು ಅವನ ತಲೆಯೊಳಗಿನ ಹುಳ. 1956ರಲ್ಲಿ ಕಾರ್ಖಾನೆ ಏವನ್ ರಬ್ಬರ್ ಕಂಪೆನಿಗೆ ಮಾರಾಟವಾಯಿತು. ಅವನು ತನ್ನದೇ ಸಂಸ್ಥೆ ಕಟ್ಟಿದ. ಅದೇ ವರ್ಷ ಸೂಯೆಜ್ ಗಲಾಟೆ, ಇಂಗ್ಲೆಂಡಿನಲ್ಲಿ ಪೆಟ್ರೋಲ್ ಕೊರತೆ, ಪುಟಾಣಿ ಕಾರು ಬೇಕು ಅನ್ನುವ ಒತ್ತಡ. ಸ್ನೇಹಿತ ಅಲೆಕ್ ಇಸಿಗೊನಿಸ್ ವಿನ್ಯಾಸ ಮಾಡಿದ ಮಿನಿ ಕಾರು 1959ರಲ್ಲಿ ಹೊರಬಂದಾಗ ಅದರ ಸಸ್ಪೆನ್ಶನ್ನಿನಲ್ಲಿ ಉಕ್ಕಿನ ಸ್ಪ್ರಿಂಗೇ ಇರಲಿಲ್ಲ. ಮೌಲ್ಟನ್ನನ ರಬ್ಬರ್ ಶಂಕುಗಳಿದ್ದವು!

ಯಾಕೆ ಅಂದರೆ, ಖಾಲಿ ಮಿನಿ ಸುಮಾರು 600 ಕೆ.ಜಿ. ನಾಲ್ಕು ಜನ, ಅವರ ಸಾಮಾನು ಸೇರಿದರೆ ಅದರ ಅರ್ಧದಷ್ಟು ತೂಕ ಮೇಲೆ ಬೀಳುತ್ತೆ. ಒಬ್ಬ ಕೂತರೂ ಮೆತ್ತಗಿರಬೇಕು, ನಾಲ್ವರು ಕೂತರೂ ನೆಲ ತಾಗಬಾರದು. ಹುಕ್‌ನ ನೇರ ಗೆರೆಯಿಂದ ಆಗದ ಕೆಲಸ. ಅಜ್ಜನ ಕಾಲದಲ್ಲಿ ರೈಲಿನ ತುದಿಯಲ್ಲಿದ್ದ ಶಂಕು, ಮರಿಮಗನ ಕಾಲದಲ್ಲಿ ಕಾರಿನ ಚಕ್ರಕ್ಕೆ ಬಂತು. ನೂರು ವರ್ಷ, ಒಂದೇ ಊರು, ಒಂದೇ ಮನೆತನ, ಒಂದೇ ವಿಚಾರ. ನನಗೆ ಈ ಇಡೀ ಚರಿತ್ರೆಯಲ್ಲಿ ತುಂಬಾ ಇಷ್ಟವಾದದ್ದು ಇದು. (ಸಣ್ಣ ಚಕ್ರದ ಮೌಲ್ಟನ್ ಸೈಕಲ್ ಮಾಡಿದವನೂ ಇವನೇ, 1962ರಲ್ಲಿ. ಅದರಲ್ಲೂ ರಬ್ಬರ್ ಸಸ್ಪೆನ್ಶನ್!)

ಇನ್ನೊಂದು ಕವಲು ಜರ್ಮನಿಯದ್ದು. 1937ರಲ್ಲಿ ಲೆವರ್‌ಕೂಸನ್‌ನಲ್ಲಿ ಒಟ್ಟೊ ಬಾಯರ್ ಮತ್ತು ಸಂಗಡಿಗರು ಪಾಲಿಯುರಿಥೇನ್ ಕಂಡುಹಿಡಿದರು. ಅದನ್ನು ತಯಾರಿಸುವಾಗ ಸ್ವಲ್ಪ ನೀರು ಸೇರಿದರೆ ಇಂಗಾಲದ ಡೈಆಕ್ಸೈಡ್ ಹುಟ್ಟಿ ಒಳಗೆಲ್ಲ ಗುಳ್ಳೆ ಏಳುತ್ತೆ, ನಮ್ಮ ಇಡ್ಲಿ ಹಿಟ್ಟಿನ ಹಾಗೆ. ಆ ಗುಳ್ಳೆಗಳನ್ನು ಕಣ್ಣಿಗೆ ಕಾಣದಷ್ಟು ಸಣ್ಣದಾಗಿ, ಒಂದೇ ಸಮನಾಗಿ ಮಾಡಿದರೆ ಸಿಗೋದು ಮೈಕ್ರೋಸೆಲ್ಯುಲರ್ ಪಾಲಿಯುರಿಥೇನ್. ಬಿಎಎಸ್‌ಎಫ್ ಕಂಪೆನಿ ಇದನ್ನು ಸೆಲಾಸ್ಟೊ ಅನ್ನುವ ಹೆಸರಲ್ಲಿ ಮಾರುತ್ತೆ. ಈಗಿನ ಬಹುಪಾಲು ಕಾರುಗಳ ಶಾಕ್ ಅಬ್ಸಾರ್ಬರಿನ ಕಂಬಿಗೆ ತುರುಕಿರುವ, ಕಂಬಳಿಹುಳದ ಹಾಗೆ ಸುರುಳಿ ಸುರುಳಿ ಕಾಣುವ ಸ್ಟಾಪರ್ ಈ ಜಾತಿಯದ್ದು. ಒತ್ತಿದರೆ ಮೊದಲು ಗುಳ್ಳೆಗಳು ಮುಚ್ಚಿಕೊಳ್ಳುತ್ತೆ, ಪಕ್ಕಕ್ಕೆ ಅಷ್ಟಾಗಿ ಉಬ್ಬೋದಿಲ್ಲ. ಗುಳ್ಳೆ ಮುಗಿದ ಮೇಲೆ ಬಿಗಿಯಾಗುತ್ತೆ. ಗಟ್ಟಿ ರಬ್ಬರ್ ತನ್ನ ಎತ್ತರದ ಅರ್ಧಕ್ಕೆ ಕುಗ್ಗುವಷ್ಟರಲ್ಲಿ ಸುಸ್ತಾದರೆ, ಇದು ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ಕುಗ್ಗಬಲ್ಲದು. ಕೊರತೆಯೂ ಇದೆ. ವರ್ಷಗಟ್ಟಲೆ ನೀರು, ಕೆಸರು, ಶಾಖ ತಿಂದು ಕೊನೆಗೆ ಹಳೇ ರಸ್ಕಿನ ಹಾಗೆ ಪುಡಿಯಾಗುತ್ತೆ.

ಇಲ್ಲೊಂದು ಎಚ್ಚರಿಕೆ. ಅಂಗಡಿಯಲ್ಲಿ ಕೆಂಪು, ಹಳದಿ ಬಣ್ಣದ 'ಪಾಲಿ' ಸ್ಟಾಪರ್ ಅಂತ ಸಿಗುತ್ತಲ್ಲ, ಹೆಚ್ಚಿನವು ಗುಳ್ಳೆ ಇಲ್ಲದ ಗಟ್ಟಿ ಪಾಲಿಯುರಿಥೇನ್. ಹೆಸರು ಒಂದೇ, ಗುಣ ತದ್ವಿರುದ್ಧ. ಬಾಳಿಕೆ ಜಾಸ್ತಿ, ಎಣ್ಣೆ ತಾಗಿದರೂ ಹಾಳಾಗೋದಿಲ್ಲ, ಆದರೆ ಪೆಟ್ಟು ನುಂಗೋದು ಕಡಿಮೆ. ಬಣ್ಣ ನೋಡಿ ಮರುಳಾಗಬೇಡಿ. ಉಗುರಿನಿಂದ ಒತ್ತಿ ನೋಡಿ.

ಒಂದು ಸಣ್ಣ ಲೆಕ್ಕ ಮಾಡೋಣ. ಒಂದು ಚಕ್ರದ ಪಾಲಿಗೆ 300 ಕೆ.ಜಿ. ತೂಕ ಅಂದುಕೊಳ್ಳಿ. ಸ್ಟಾಪರ್ ತಾಗುವ ಕ್ಷಣಕ್ಕೆ ಗಾಡಿಯ ಆ ಮೂಲೆ ಸೆಕೆಂಡಿಗೆ 1 ಮೀಟರ್ ವೇಗದಲ್ಲಿ ಕೆಳಗೆ ಇಳೀತಾ ಇದೆ. ಆ ಶಕ್ತಿ 150 ಜೂಲ್. ಇದನ್ನು 10 ಮಿ.ಮೀ. ಜಾಗದಲ್ಲಿ ನಿಲ್ಲಿಸಬೇಕಾದರೆ ಸರಾಸರಿ ಬಲ 15,000 ನ್ಯೂಟನ್, ಅಂದರೆ ಒಂದೂವರೆ ಟನ್ ತೂಕ ಹೇರಿದಷ್ಟು. ಅದೇ 40 ಮಿ.ಮೀ. ಜಾಗ ಕೊಟ್ಟರೆ 3,750 ನ್ಯೂಟನ್, ನಾಲ್ಕು ಕ್ವಿಂಟಾಲಿಗಿಂತ ಕಮ್ಮಿ. (ಸ್ಪ್ರಿಂಗು, ಶಾಕ್, ಗುರುತ್ವ ಎಲ್ಲ ಪಕ್ಕಕ್ಕಿಟ್ಟ ಒರಟು ಲೆಕ್ಕ ಇದು, ಮೆಕ್ಯಾನಿಕಲ್ ಓದಿದವರು ಬೈಯಬೇಡಿ.) ಒಂದೂವರೆ ಟನ್ನಿನ ಪೆಟ್ಟು ತಿಂಗಳುಗಟ್ಟಲೆ ಬಿದ್ದ ಚಾಸಿಯಲ್ಲಿ ಬಿರುಕು ಬರೋದು, ಶಾಕ್‌ನ ಬ್ರಾಕೆಟ್ ಕಿತ್ತು ಬರೋದು ಯಾಕೆ ಅಂತ ಈಗ ಗೊತ್ತಾಗುತ್ತೆ.

ಈಗ ಎತ್ತಿಸಿದ ಗಾಡಿಯ ವಿಚಾರ. ನನ್ನ ಚಿಕ್ಕಪ್ಪನ ಮಗ ಸಾಗರದ ಹತ್ತಿರ ತೋಟ ಮಾಡಿಕೊಂಡಿದ್ದಾನೆ, ಅವನ ಬಳಿ ಒಂದು ಹಳೇ ಜಿಪ್ಸಿ ಇದೆ. ಜಿಪ್ಸಿ ಅಂದರೆ 1970ರಲ್ಲಿ ಜಪಾನಿನಲ್ಲಿ ಹುಟ್ಟಿದ ಸುಜುಕಿ ಎಲ್‌ಜೆ10ರ ವಂಶ, ಮಾರುತಿ ಇದನ್ನು ಇಲ್ಲಿ ತಂದಿದ್ದು 1985ರ ಡಿಸೆಂಬರಿನಲ್ಲಿ. ನಾಲ್ಕೂ ಕಡೆ ಪ್ಲೇಟು. ಅವನು ಅದನ್ನು 40 ಮಿ.ಮೀ. ಎತ್ತಿಸೋ ಆಲೋಚನೆಯಲ್ಲಿದ್ದ. ಫೋನಿನಲ್ಲಿ ಕೇಳಿದ: 'ಅಣ್ಣಾ, ಗಾಡಿ 40 ಎತ್ತಿದ್ರೆ ಸ್ಟಾಪರ್ರೂ 40 ಇಳಿಸ್ಬೇಕಲ್ವಾ?'

ಎಲ್ಲರೂ ಕೇಳೋ ಪ್ರಶ್ನೆ ಇದು. 'ಹೇಗೆ ಎತ್ತಿಸ್ತೀಯಾ ಅನ್ನೋದರ ಮೇಲೆ ಹೋಗುತ್ತೆ ಮಾರಾಯ' ಅನ್ನೋದೇ ಉತ್ತರ. ಗಾಡಿ ನಿಂತಾಗ ಎಷ್ಟು ಎತ್ತರ ಇದೆ ಅನ್ನೋದಕ್ಕೂ, ಆಕ್ಸಲ್ಲು ಪೂರ್ತಿ ಮೇಲೆ ಬಂದಾಗ ಎಲ್ಲಿ ನಿಲ್ಲಬೇಕು ಅನ್ನೋದಕ್ಕೂ ನೇರ ಸಂಬಂಧ ಇಲ್ಲ. ಚಾಸಿ ಅದೇ, ಮಡ್‌ಗಾರ್ಡ್ ಅದೇ. ಟೈರೂ ಶಾಕೂ ಹಳೆಯವೇ ಆಗಿದ್ದರೆ, ಅವುಗಳ ಮಟ್ಟಿಗೆ ಸ್ಟಾಪರ್‌ನ ಹಳೇ ಜಾಗವೇ ಸರಿ. ಬದಲಾಗೋದು ಬೇರೆ ಕಡೆ. ಕಾಯಿಲ್ ಸ್ಪ್ರಿಂಗಿನ ಗಾಡಿಗೆ ಮೇಲೆ 30 ಮಿ.ಮೀ. ಸ್ಪೇಸರ್ ಕೂರಿಸಿದರೆ, ಆಕ್ಸಲ್ಲು ಅದೇ ಜಾಗಕ್ಕೆ ಬರೋ ಹೊತ್ತಿಗೆ ಕಾಯಿಲು ಮೊದಲಿಗಿಂತ 30 ಮಿ.ಮೀ. ಜಾಸ್ತಿ ಕುಗ್ಗಿರುತ್ತೆ. ಸುರುಳಿಗೆ ಸುರುಳಿ ತಾಗಿಬಿಟ್ಟರೆ ಅದು ಸ್ಪ್ರಿಂಗಲ್ಲ, ಕಬ್ಬಿಣದ ಕೊಳವೆ. ಅಲ್ಲಿ ಸ್ಟಾಪರ್ ಕೆಳಗೆ ಬರಲೇಬೇಕು. ಜಿಪ್ಸಿಗೆ ಅಗ್ಗದಲ್ಲಿ ಮಾಡೋದು ಉದ್ದನೆ ಶ್ಯಾಕಲ್. 80 ಮಿ.ಮೀ. ಉದ್ದ ಹೆಚ್ಚಿಸಿದರೆ ಪ್ಲೇಟಿನ ಒಂದೇ ತುದಿ ಇಳಿಯೋದರಿಂದ ನಡುವೆ ಸಿಗೋದು ಅರ್ಧ, 40. ಆಕ್ಸಲ್ಲು ಹಳೇ ಜಾಗದವರೆಗೂ ಮೇಲೆ ಬಂದರೆ ಪ್ಲೇಟು ಮೊದಲಿಗಿಂತ ಸುಮಾರು 40 ಮಿ.ಮೀ. ಹೆಚ್ಚು ಹಿಮ್ಮುಖ ಬಾಗುತ್ತೆ. ಇಲ್ಲೂ ಸ್ಟಾಪರ್ ಇಳಿಯಬೇಕು. ಬರೀ ಬಾಡಿ ಮತ್ತು ಚಾಸಿ ನಡುವೆ ಬ್ಲಾಕ್ ಇಟ್ಟು ಎತ್ತಿಸಿದರೆ ಸಸ್ಪೆನ್ಶನ್ನಿಗೆ ಗೊತ್ತೇ ಆಗೋದಿಲ್ಲ, ಸ್ಟಾಪರ್ ಮುಟ್ಟೋದೇ ಬೇಡ. ಟೈರು ದೊಡ್ಡದಾದರೆ, ಅಥವಾ ಉದ್ದನೆ ಶಾಕ್ ಹಾಕಿಸಿದರೆ, ಪ್ರತಿಯೊಂದಕ್ಕೂ ಅದರದ್ದೇ ಲೆಕ್ಕ. ಉದ್ದನೆ ಶಾಕ್ ಮುಚ್ಚಿದಾಗಲೂ ಉದ್ದವೇ ಇರುತ್ತೆ. ಸ್ಟಾಪರ್‌ಗಿಂತ ಮೊದಲು ಶಾಕ್ ತಳ ಮುಟ್ಟಿದರೆ, ಆ ಒಂದೂವರೆ ಟನ್ನು ತಿನ್ನೋದು ಶಾಕ್‌ನ ಬೋಲ್ಟು.

ಹಾಗಂತ ಉದ್ದ ಜಾಸ್ತಿ ಇದ್ದಷ್ಟೂ ಒಳ್ಳೇದು ಅಂತಲೂ ಅಲ್ಲ. ತುಂಬಾ ಉದ್ದದ ಗಟ್ಟಿ ಸ್ಟಾಪರ್ ಹಾಕಿದರೆ ಗಾಡಿ ಸ್ಪ್ರಿಂಗಿನ ಮೇಲೆ ಓಡದೆ ಸ್ಟಾಪರ್ ಮೇಲೆ ಓಡುತ್ತೆ. ಆಗುಂಬೆಯಂಥ ಘಾಟಿ ತಿರುವಿನಲ್ಲಿ ಗಾಡಿ ಹೊರಗೆ ವಾಲಿದಾಗ ಆ ಕಡೆಯ ಸ್ಟಾಪರ್ ಮಾತ್ರ ತಾಗುತ್ತೆ. ಆ ಮೂಲೆ ಇದ್ದಕ್ಕಿದ್ದಂತೆ ಕಲ್ಲಿನಂತೆ ಬಿಗಿಯಾಗುತ್ತೆ, ಒದ್ದೆ ರಸ್ತೆಯಲ್ಲಿ ಟೈರಿನ ಹಿಡಿತ ಹೇಳದೇ ಕೇಳದೇ ಹೋಗುತ್ತೆ. 1970ರಲ್ಲಿ ರೇಂಜ್ ರೋವರ್ ಬಂದಾಗ ಅದನ್ನು ಮಾಡಿದ ಸ್ಪೆನ್ ಕಿಂಗ್ ಲ್ಯಾಂಡ್ ರೋವರಿನ ಪ್ಲೇಟು ಬಿಟ್ಟು ಉದ್ದನೆ ಕಾಯಿಲ್ ಹಾಕಿದ್ದು ಇದಕ್ಕೇ. ಆಡಲು ಜಾಗ ಜಾಸ್ತಿ ಕೊಟ್ಟರೆ ಸ್ಟಾಪರ್ ತಾಗೋದು ಅಪರೂಪವಾಗುತ್ತೆ, ತಾಗಿದಾಗಲೂ ನಿಧಾನಕ್ಕೆ ತಾಗುತ್ತೆ. ಗಾಡಿ ಎತ್ತಿಸಿ ಸಿಕ್ಕ ಜಾಗವನ್ನೆಲ್ಲ ಸ್ಟಾಪರ್‌ಗೇ ತಿನ್ನಿಸಿದರೆ ಎತ್ತಿಸಿದ್ದೇ ದಂಡ. (ಇನ್ನೊಂದು ಮಾತು, ಜಿಪ್ಸಿಯಂಥ ಗಾಡಿಯಲ್ಲಿ ಲಿಫ್ಟಿನಿಂದ ಡಿಫರೆನ್ಷಿಯಲ್ ಒಂದು ಕೂದಲೆಳೆಯಷ್ಟೂ ಮೇಲೇಳೋದಿಲ್ಲ, ಅದಕ್ಕೆ ದೊಡ್ಡ ಟೈರೇ ಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಕೂಡ ಒಮ್ಮೆ ಓದಿಕೊಳ್ಳಿ, ಮಾರ್ಪಾಡಿನ ವಿಚಾರ ಅಲ್ಲಿದೆ.)

ಕೊನೆಗೆ ಮಾಡಿದ್ದು ಏನು ಅಂದರೆ, ಹಿಂದಿನ ಪ್ಲೇಟುಗಳನ್ನು ಬಿಚ್ಚಿ ಮೇನ್ ಪ್ಲೇಟ್ ಒಂದನ್ನೇ ಬಿಟ್ಟು, ಚಾಸಿಯನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಆಕ್ಸಲ್ಲನ್ನು ಜಾಕಿನಿಂದ ಮೇಲೆತ್ತುತ್ತಾ ಹೋದದ್ದು. ಮೊದಲು ಎರಡೂ ಕಡೆ ಒಟ್ಟಿಗೆ, ಆಮೇಲೆ ಒಂದೊಂದೇ ಕಡೆ. ಒಂದು ಚಕ್ರ ಮಾತ್ರ ಎದ್ದಾಗ ಆಕ್ಸಲ್ಲು ಓರೆಯಾಗಿ ಟೈರು ಒಳಗೆ ವಾಲುತ್ತೆ, ಎರಡೂ ಎದ್ದಾಗ ತಾಗದ ಜಾಗದಲ್ಲಿ ಆಗ ತಾಗುತ್ತೆ. ಮುಂದಿನ ಆಕ್ಸಲ್ಲಿಗೂ ಇದೇ ವಿಧಿ, ಜೊತೆಗೆ ಸ್ಟೇರಿಂಗ್ ಈ ತುದಿಯಿಂದ ಆ ತುದಿಗೆ ತಿರುಗಿಸಿ ನೋಡಬೇಕು. ಏನು ಮೊದಲು ತಾಗುತ್ತೆ? ಶಾಕ್ ಮುಚ್ಚಿಕೊಳ್ಳುತ್ತಾ, ಟೈರು ಮಡ್‌ಗಾರ್ಡಿಗೆ ತಾಗುತ್ತಾ, ಬ್ರೇಕ್ ಹೋಸ್ ಸಿಕ್ಕಿಕೊಳ್ಳುತ್ತಾ, ಪ್ಲೇಟು ಅತಿಯಾಗಿ ಹಿಮ್ಮುಖ ಬಾಗುತ್ತಾ? ಯಾವುದು ಮೊದಲೋ ಅದಕ್ಕಿಂತ ಒಂದು ಬೆರಳು ಮುಂಚೆ, ಸ್ಟಾಪರ್ 'ಪೂರ್ತಿ ಅಮುಕಿ' ನಿಲ್ಲಬೇಕು. ಅಮುಕುವ ಮುಂಚಿನ ಎತ್ತರ ಅಲ್ಲ, ಅಮುಕಿದ ಮೇಲಿನ ಎತ್ತರ. ಇಲ್ಲೇ ಎಲ್ಲ ಲೆಕ್ಕ ತಪ್ಪೋದು.

ಅವನ ಗಾಡಿಗೆ ಬಂದ ಉತ್ತರ 40 ಅಲ್ಲ, ಹಿಂದೆ 25, ಮುಂದೆ 20. ಅಷ್ಟು ದಪ್ಪದ ಕಬ್ಬಿಣದ ಬ್ಲಾಕ್ ಮೇಲೆ ಹಳೇ ಅಳತೆಯದ್ದೇ ಹೊಸ ಶಂಕುವಿನ ರಬ್ಬರ್. ಬ್ಲಾಕ್ ಬರೀ ಜಾಗ ಹಿಡಿಯುತ್ತೆ, ಕೆಲಸ ಮಾಡೋದು ರಬ್ಬರೇ. ಹಾಗಾಗಿ ಬ್ಲಾಕ್ ಎತ್ತರ ಮಾಡಿ ರಬ್ಬರ್ ಗಿಡ್ಡ ಮಾಡೋ ಹಾಗಿಲ್ಲ. ಮೈಕ್ರೋಸೆಲ್ಯುಲರ್ ಹಾಕೋಣ ಅಂತ ನನಗೆ ಆಸೆ ಇತ್ತು. ಮಳೆಗಾಲದ ಆರು ತಿಂಗಳು ಕೆಸರಲ್ಲೇ ಓಡುವ ಗಾಡಿ, ಸಾಗರದ ಅಂಗಡಿಯಲ್ಲಿ ಕೈಗೆ ಸಿಗೋ ವಸ್ತು ಬೇಕು ಅಂತ ಅವನು ಒಪ್ಪಲಿಲ್ಲ, ಅವನ ಮಾತು ಸರಿಯೇ. ಸ್ಟಾಪರ್‌ನ ತುದಿಗೆ ಗ್ರೀಸ್ ಬಳಿದು ತೋಟದ ರಸ್ತೆಯಲ್ಲಿ ನಾಲ್ಕು ಜನರನ್ನು ಕೂರಿಸಿಕೊಂಡು ಎರಡು ಸುತ್ತು ಹಾಕಿಸಿದೆ. ಹಿಂದಿನ ಆಕ್ಸಲ್ ಮೇಲೆ ಎಂಟಾಣೆ ಅಗಲದ ಗ್ರೀಸ್ ಗುರುತು ಬಿದ್ದಿತ್ತು. ಅಂದರೆ ಶಂಕುವಿನ ತುದಿ ಮಾತ್ರ ತಾಗಿದೆ. ಮುಂದೆ ಗುರುತೇ ಇರಲಿಲ್ಲ. ಅಡಿಕೆ ಮೂಟೆ ಹೇರಿದಾಗ ಆ ಗುರುತು ಎಷ್ಟು ಅಗಲ ಆಗುತ್ತೆ ಅಂತ ನೋಡಿ ಫೋಟೋ ಕಳಿಸೋಕೆ ಹೇಳಿದ್ದೀನಿ.